ಅಡಿಗೆಮನೆಯ ಜಪಾನಿ ಹಿರಿಯರು

ನನ್ನ ಹೆಸರು ಸಹನಾ. ನನ್ನ ಸ್ವಭಾವ ಗೊತ್ತಾಗುವ ಮೊದಲೇ ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು, ಹಾಗಾಗಿ ಯಾರನ್ನೂ ದೂರುವಂತಿಲ್ಲ. ಹಳಿಯಾಳ ತಾಲೂಕಿನ ಕಾಡಂಚಿನ ವಾಡಾಗಳಿಗೆ, ಅಂದರೆ ಸಣ್ಣ ಸಣ್ಣ ಕೇರಿಗಳಿಗೆ, ನಾನೇ ನರ್ಸು. ಕೂಸುಗಳಿಗೆ ಲಸಿಕೆ, ಬಸುರಿಯರಿಗೆ ಕಬ್ಬಿಣದ ಗುಳಿಗೆ, ಮುದುಕರಿಗೆ ಬಿಪಿ ನೋಡುವುದು ನನ್ನ ಕೆಲಸ. ಗಂಡನ ಹೆಸರು ಲೋಕೇಶ. ನಮ್ಮವರಿಗೆ ಹಳಿಯಾಳ ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ಟು, ಸುಟ್ಟ ಮಿಕ್ಸರು, ಸುಟ್ಟ ಫ್ಯಾನು ತಂದವರಿಗೆ ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡುತ್ತಾರೆ.

ಅಷ್ಟೇ ಮಾಡಿಕೊಂಡಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಮದುವೆಗೆ ಮೊದಲು ನಮ್ಮವರು ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರಂತೆ. ಆ ಆರ್ಕೆಸ್ಟ್ರಾ ಮುಳುಗಿ ಯಾವ ಕಾಲವಾಯಿತೋ, ಇವರು ಮಾತ್ರ ಇನ್ನೂ ತೇಲುತ್ತಲೇ ಇದ್ದಾರೆ. ಊಟಕ್ಕೆ ಕೂತರೂ ಒಂದು ಕೈ ರೊಟ್ಟಿಯ ಮೇಲೆ, ಇನ್ನೊಂದು ಕೈ ಮೊಬೈಲಿನ ಮೇಲೆ. ಮೊಬೈಲಿನ ತುಂಬ ಹಳೇ ಜಪಾನಿ ಗಿಟಾರುಗಳು. “ಇದರ ಮೈ ಬಣ್ಣಾ ನೋಡು, ಈ ಸ್ವಿಚ್ ನೋಡು, ಇಂಥಾವು ಈಗ ಹುಡುಕಿದರೂ ಸಿಗೂದಿಲ್ಲ” ಎಂದು ನನಗೂ ತೋರಿಸುತ್ತಾರೆ. ಕನ್ಯೆ ನೋಡಲು ಬಂದ ದಿನ ನನ್ನನ್ನು ಅದರ ಅರ್ಧದಷ್ಟು ಹೊತ್ತೂ ನೋಡಿರಲಿಲ್ಲ.

ಹೀಗೆ ಬೇಡವೆಂದರೂ ನನಗೆ ಜಪಾನಿ ಗಿಟಾರಿನ ಮುಖಪರಿಚಯವಾಗಿ ಹೋಗಿತ್ತು. ಅದೇ ಮುಳುವಾಯಿತು.

ಹುಣಸೆವಾಡಾದಲ್ಲಿ ಸೋನುಬಾಯಿ ಎಂಬ ಸಿದ್ದಿ ಸಮುದಾಯದ ಮುದುಕಿ ಇದ್ದಾಳೆ. ಬಿಪಿ ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ. ಅಂದು ಅವಳ ತೋಳಿಗೆ ಪಟ್ಟಿ ಸುತ್ತಲು ಅಡಿಗೆಮನೆಗೇ ಹೋಗಬೇಕಾಯಿತು, ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಬಿಟ್ಟು ಏಳಲು ಆಕೆ ಒಪ್ಪಲಿಲ್ಲ. ಸಿದ್ದಿಯರ ಮನೆಗಳಲ್ಲಿ ಅಡಿಗೆಮನೆಯ ಒಂದು ಮೂಲೆ ಹಿರಿಯರದು. ತೀರಿಹೋದವರನ್ನು ಒಂದು ತೆಂಗಿನಕಾಯಿಯ ರೂಪದಲ್ಲಿ ಅಲ್ಲಿ ಕೂರಿಸಿ, ಹಬ್ಬ ಹುಣ್ಣಿಮೆಗೆ ಎಡೆ ಇಟ್ಟು, ದೊಡ್ಡ ಕೆಲಸ ಏನಿದ್ದರೂ ಅವರನ್ನು ಕೇಳಿಯೇ ಮುಂದುವರಿಯುತ್ತಾರೆ. ಸೋನುಬಾಯಿಯ ಮೂಲೆಯಲ್ಲಿ ಕಾಯಿ ಇರಲಿಲ್ಲ. ಹೊಸ ಟವೆಲ್ಲು ಹೊದ್ದು, ಕೊರಳಿಗೆ ಹಾರ ಹಾಕಿಕೊಂಡು, ಯಾರೋ ಗೋಡೆಗೆ ಒರಗಿ ನಿಂತಿದ್ದರು.

“ಅವರು ಯಾರ್ರಿ ಆಯಿ?”

“ನಮ್ಮನಿಯಾಂವ. ಸೋಮಾ.”

ನಾನು ಬಗ್ಗಿ ನೋಡಿದೆ. ಟವೆಲ್ಲಿನ ಮೇಲೆ ಕಪ್ಪಗೆ ಜಿಡ್ಡುಗಟ್ಟಿದ ತಲೆ, ತಲೆಯ ಒಂದೇ ಪಕ್ಕಕ್ಕೆ ಸಾಲಾಗಿ ಆರು ಕಿವಿ. ಟವೆಲ್ಲಿನ ಅಂಚು ಸರಿಸಿದರೆ ಅರಿಸಿನದ ಪದರಿನ ಕೆಳಗೆ ಸ್ವಿಚ್ಚುಗಳು. ಸೋನುಬಾಯಿಯ ತೋಳಿನ ಪಟ್ಟಿಯನ್ನು ಬಿಚ್ಚಿ ನನ್ನ ತೋಳಿಗೇ ಕಟ್ಟಿಕೊಳ್ಳಬೇಕು ಅನಿಸಿತು.

ಕಥೆಯನ್ನು ಅವಳೇ ಹೇಳಿದಳು. ಸೋಮಾ ಕ್ಯಾಸಲ್‌ರಾಕಿನಲ್ಲಿ ರೈಲ್ವೆ ಗ್ಯಾಂಗ್‌ಮನ್. ಗೋವಾದ ಬಂದರಿಗೆ ಅದಿರು ಒಯ್ಯಲು ಜಪಾನಿನ ಹಡಗುಗಳು ಬರುತ್ತಿದ್ದ ಕಾಲ. ಹಡಗಿನವನೊಬ್ಬ ಈ ಗಿಟಾರನ್ನು ಬಂದರಿನ ಯಾರಿಗೋ ಕೊಟ್ಟ, ಆ ಯಾರೋ ಘಟ್ಟ ಹತ್ತಿ ಬಂದು ಒಂದು ಹೋತಕ್ಕೆ ಸೋಮಾನಿಗೆ ಕೊಟ್ಟ. ಮನೆಗೆ ತಂದ ಮೇಲೆ ತಿಳಿಯಿತು, ಇದು ಕರೆಂಟಿನ ವಾದ್ಯ. ಕರೆಂಟು ಬೇಕು, ದನಿ ಹೊರಡಿಸುವ ದೊಡ್ಡ ಡಬ್ಬಿ ಬೇಕು. ಹುಣಸೆವಾಡಾಕ್ಕೆ ಕರೆಂಟು ಬಂದದ್ದು ಸೋಮಾ ತೀರಿಹೋದ ಮೇಲೆ.

“ಮತ್ತ ಬಾರಿಸ್ತಿದ್ದಿಲ್ಲೇನು?” ಎಂದೆ.

“ದಿನಾ ಬಾರಿಸ್ತಿದ್ದ. ಗದ್ದಾನ ಅದರ ಕಟ್ಟಿಗಿಗೆ ಹಚ್ಚಿ, ಕಣ್ಣ ಮುಚ್ಚಿ. ಅವಂಗ ಒಬ್ಬಂವಂಗ ಕೇಳ್ತಿತ್ತು. ನಾ ಬಾಜೂಕ ಕುಂತ್ರೂ ನನಗ ನೊಣಾ ಹಾರಿದ್ಹಂಗ ಕೇಳ್ತಿತ್ತು.” ಅವಳು ಸಾರಿಗೆ ಉಪ್ಪು ಹಾಕಿದಳು. ಮೂಲೆಯ ಕಡೆ ತಿರುಗಿ ಸ್ವಲ್ಪ ಜೋರಾಗಿಯೇ ಹೇಳಿದಳು, “ನನಗ ಕೇಳಸದ್ಹಂಗ ಮಾತಾಡೂದು ಮದಲಿಂದನ ರೂಢಿ ಇವಂಗ.”

ಇದನ್ನು ನಾನು ಮನೆಗೆ ಬಂದು ಹೇಳಬಾರದಿತ್ತು. ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದ ರೋಗಕ್ಕೆ ಸರ್ಕಾರ ನನ್ನ ಚೀಲದಲ್ಲಿ ಯಾವ ಗುಳಿಗೆಯನ್ನೂ ಕೊಟ್ಟಿಲ್ಲ. ಹೇಳಿದೆ. ನಮ್ಮವರು ರೊಟ್ಟಿ ಬಿಟ್ಟು ಎದ್ದರು.

ರವಿವಾರ ನಾವಿಬ್ಬರೂ ಹುಣಸೆವಾಡಾದಲ್ಲಿದ್ದೆವು. ಸೋನುಬಾಯಿಯ ಅಳಿಯ ಜೋಸೆಫ್ ಆಗಷ್ಟೇ ಚರ್ಚಿನಿಂದ ಬಂದು, ಇಸ್ತ್ರಿ ಶರ್ಟಿನಲ್ಲೇ ಮಾವನ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ದೇವರು ಬೇರೆ ಇರಬಹುದು, ಹಿರಿಯರು ಎಲ್ಲರಿಗೂ ಹಿರಿಯರೇ. ನಮ್ಮವರು ಹೋದವರೇ ಮೂಲೆಗೆ ಕೈ ಹಾಕಿದರು.

“ಮದಲ ನಮಸ್ಕಾರ ಮಾಡ್ರಿ ಸಾಹೇಬ್ರ,” ಎಂದ ಜೋಸೆಫ್.

ನಮ್ಮವರು ಉದ್ದಂಡ ಬಿದ್ದರು. ಭಕ್ತಿಯಿಂದಲ್ಲ, ನೆಲಮಟ್ಟದಿಂದ ನೋಡಿದರೆ ಕುತ್ತಿಗೆಯ ಹಿಂದಿನ ತಗಡು ಕಾಣುತ್ತಿತ್ತು. ಅದರ ಮೇಲೆ ‘ಮೇಡ್ ಇನ್ ಜಪಾನ್’ ಎಂದಿತ್ತು. ಏಳುವಾಗ ನಮ್ಮವರ ಕಣ್ಣಲ್ಲಿ ನೀರಿತ್ತು. ಜೋಸೆಫನಿಗೆ ಬಹಳ ಸಮಾಧಾನವಾಯಿತು.

“ಆಯಿ, ಇದನ್ನ ನನಗ ಕೊಡ್ರಿ. ನೀವು ಏನ್ ಕೇಳ್ತೀರಿ ಅದನ್ನ ಕೊಡ್ತೇನಿ.”

“ಗಂಡನ್ನ ಮಾರಿದಾಕಿ ಅನ್ನಿಸ್ಕೊಳ್ಳಲೇನು ಈ ವಯಸ್ಸಿನ್ಯಾಗ?” ಎಂದಳು ಸೋನುಬಾಯಿ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. “ಆದ್ರ ಅಂವ ನನ್ನ ಜೋಡಿ ಮಾತಾಡೂದು ಬಿಟ್ಟಾನ. ಬಾರಿಸವ್ರ ಕಡೆ ಹೋಗಬೇಕಂತ ಅವಂಗ ಇದ್ದೀತು. ಅವನ್ನ ಕೇಳೂಣು. ಹೂಂ ಅಂದ್ರ ಒಯ್ಯಿ. ನೀ ಕೊಡೂದು ಮೊಮ್ಮಗಳು ಡಯಾನಾನ ಮದವಿಗೆ ಆಗ್ತೈತಿ.”

ಕೇಳುವುದೆಂದರೆ ಪ್ರಸಾದ ಕೇಳುವುದು. ಹಿರಿಯರ ತಲೆಯ ಮೇಲೆ ಒದ್ದೆ ಹೂ ಇಟ್ಟು ಪ್ರಶ್ನೆ ಹೇಳಬೇಕು. ಹೂ ಅವರ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಸೋನುಬಾಯಿ ದಾಸವಾಳದ ಹೂ ಇಟ್ಟಳು, ಕೇಳಿದಳು. ನಾವೆಲ್ಲ ಕೈಮುಗಿದು ನಿಂತೆವು. ಹೂ ಅಲುಗಲಿಲ್ಲ. ಚಹಾ ಬಂತು, ಕುಡಿದೆವು, ಬಶಿ ತೊಳೆದೂ ಆಯಿತು. ಹೂ ಬಾಡಿತೇ ಹೊರತು ಬೀಳಲಿಲ್ಲ.

“ನೋಡಿದ್ರೆಲ್ಲ, ವರ್ಷಗಟ್ಲೆ ಹಿಂಗ,” ಎಂದಳು ಜೋಸೆಫನ ಮಗಳು ಡಯಾನಾ. ಮುಂಡಗೋಡದ ಕಡೆ, ಸನವಳ್ಳಿಯ ಹುಡುಗನ ಜೊತೆ ಅವಳ ಮದುವೆ ಮಾತಾಗಿ ಎರಡು ಮಳೆಗಾಲ ಕಳೆದಿತ್ತು. ಅಜ್ಜ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ, ಹುಡುಗ ಪಾಪ ಕಾಯುತ್ತಿದ್ದ.

ನನಗೆ ಕಾರಣ ಕಾಣುತ್ತಿತ್ತು. ಆ ತಲೆಯ ಮೇಲೆ ವರ್ಷಾನುಗಟ್ಟಲೆ ಸುರಿದ ಎಣ್ಣೆ, ಅರಿಸಿನ, ಬೆಲ್ಲದ ನೀರು, ಊದಿನಕಡ್ಡಿಯ ಬೂದಿ ಎಲ್ಲ ಸೇರಿ ಹಲಸಿನ ಮೇಣದ ಹಾಗೆ ಅಂಟಾಗಿತ್ತು. ಹೂವಿರಲಿ, ಇಡೀ ಹಲಸಿನಹಣ್ಣು ಇಟ್ಟಿದ್ದರೂ ಅಲ್ಲೇ ಕೂತಿರುತ್ತಿತ್ತು.

ನಮ್ಮವರಿಗೂ ಕಂಡಿತ್ತು. ಗಂಟಲು ಸರಿಮಾಡಿಕೊಂಡರು. “ಆಯಿ, ಹಿರಿಯರಿಗೆ ಮೈಯಾಗ ಆರಾಮಿಲ್ಲ. ಒಳಗಿನ ವೈರಿಂಗ್ ಹೋಗೇತಿ. ಮಾತಾಡ್ಬೇಕಂದ್ರೂ ಹೆಂಗ ಮಾತಾಡ್ಬೇಕು? ನಾ ರಿಪೇರಿ ಮಾಡ್ಕೊಂಡು ಬರ್ತೇನಿ. ಆಮ್ಯಾಲ ಕೇಳ್ರಿ.”

ಸೋನುಬಾಯಿ ನನ್ನ ಕಡೆ ನೋಡಿದಳು. “ಸಿಸ್ಟರ್, ನೀವೇನ್ ಅಂತೀರಿ? ಆಪರೇಷನ್ ಬೇಕೇನು?”

ಗಿಟಾರಿಗೆ ಶಿಫಾರಸು ಬರೆಯುವ ಅಧಿಕಾರ ನನಗಿಲ್ಲ. ಆದರೂ ಹೂಂ ಎಂದೆ.

ಒಪ್ಪಿದಳು, ಆದರೆ ಗಂಡನನ್ನು ಬೈಕಿನ ಹಿಂದೆ ಮೂಟೆ ಕಟ್ಟಿದ ಹಾಗೆ ಕಟ್ಟಿ ಒಯ್ಯಬಾರದು, ಒಂದು ದಿನವೂ ಉಪವಾಸ ಕೆಡವಬಾರದು, ಜೋಸೆಫ್ ಪಕ್ಕದಲ್ಲೇ ಇರಬೇಕು ಎಂದಳು. ಹೀಗಾಗಿ ಹಿರಿಯರು ಹಳಿಯಾಳಕ್ಕೆ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಹೊರಟರು. ಕಂಡಕ್ಟರು ಲಗೇಜ್ ಟಿಕೇಟು ತಗೋ ಎಂದಿದ್ದಕ್ಕೆ ಜೋಸೆಫನಿಗೆ ಸಿಟ್ಟು ಬಂತು.

“ನಮ್ಮ ಮಾವಾರ್ರಿ ಅವರು.”

“ಹಂಗಾರ ಫುಲ್ ಟಿಕೇಟು.”

“ಹಿರಿಯರಿಗೆ ಕಡಿಮಿ ಇರ್ತೈತೆಲ್ಲರಿ.”

“ಆಧಾರ್ ಕಾರ್ಡ್ ಕೊಡ್ರಿ.”

“ತೀರಿಕೊಂಡಾರ್ರಿ.”

ಕಂಡಕ್ಟರು ಟವೆಲ್ಲು ಹೊದ್ದವರನ್ನು ಒಮ್ಮೆ ನೋಡಿದ, ಜೋಸೆಫನನ್ನು ಒಮ್ಮೆ ನೋಡಿದ, ಅರ್ಧ ಟಿಕೇಟು ಹರಿದು ಕೊಟ್ಟು ಮುಂದೆ ಹೋದ. ಇಳಿಯುವಾಗ ‘ಸಾವಕಾಶ ಇಳಿಸ್ರಿ’ ಎಂದನಂತೆ.

ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ನಮ್ಮ ಮಾವ ಅಡಿವೆಯ್ಯನವರು ಕೂಡುತ್ತಾರೆ. ವಿಭೂತಿ ಹಚ್ಚದೆ ನೀರು ಮುಟ್ಟದವರು, ಉಳ್ಳಾಗಡ್ಡಿಗೂ ಮೂಗು ಮುರಿಯುವವರು. ಮೊದಲ ದಿನ ಮಧ್ಯಾಹ್ನ ಜೋಸೆಫ್ ಡಬ್ಬಿ ಬಿಚ್ಚಿ ಹಿರಿಯರ ಮುಂದೆ ಒಣಮೀನಿನ ಸಾರು ಇಟ್ಟ. ಮಾವ ಎದ್ದು, ಕುರ್ಚಿಯನ್ನೂ ಎತ್ತಿಕೊಂಡು, ರಸ್ತೆಯ ಆಚೆ ಬದಿಗೆ ಹೋಗಿ ಕೂತರು.

“ಸತ್ತವರು ಏನರ ತಿನ್ಲಿ, ವಾಸನಿ ಬದುಕಿದವರಿಗೆ ಬರತೈತೆಲ್ಲೋ ಲೋಕೇಶಾ!” ಎಂದು ಅಲ್ಲಿಂದಲೇ ಕೂಗಿದರು. ಆದರೆ ನಾಲ್ಕಾರು ದಿನ ಕಳೆಯುವಷ್ಟರಲ್ಲಿ ತಮ್ಮ ಊಟಕ್ಕೆ ಕೂಡುವ ಮೊದಲು “ಹಿರಿಯರದು ಆತೇನು?” ಎಂದು ಕೇಳತೊಡಗಿದರು. ಸೋಮವಾರ ಮಾತ್ರ ಅಂಗಡಿಯಲ್ಲಿ ಮೀನು ಬೇಡ ಎಂದು ಕೈಮುಗಿದರು. ಸುದ್ದಿ ಹುಣಸೆವಾಡಾಕ್ಕೆ ಹೋಯಿತು. “ಆತು, ಸತ್ತ ಮ್ಯಾಲರ ಸೋಮವಾರಾ ಹಿಡೀಲಿ,” ಎಂದಳಂತೆ ಸೋನುಬಾಯಿ.

ಜಿಡ್ಡು ತೆಗೆಯಲು ನನ್ನ ಸ್ಪಿರಿಟ್ಟು, ಹತ್ತಿ ಎಲ್ಲ ಖರ್ಚಾದವು. ಕೆರೆದದ್ದನ್ನು ಚೆಲ್ಲುವಂತಿರಲಿಲ್ಲ, ಅದು ಮಾವನ ಮೈಯದ್ದು ಎಂದು ಜೋಸೆಫ್ ಒಂದು ಡಬ್ಬಿಯಲ್ಲಿ ತುಂಬಿಕೊಂಡ. ಪ್ರತಿ ಸ್ಕ್ರೂ ಬಿಚ್ಚುವ ಮೊದಲು ಬಾಗಿ “ಮಾಮಾ, ಹಲ್ಲು ಕಚ್ಚಿ ಹಿಡ್ಕೋರಿ” ಅನ್ನುತ್ತಿದ್ದ. ಮಿಕ್ಸರ್ ರಿಪೇರಿಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು. ಒಬ್ಬಳು ಕಾಯಿ ಒಡೆದು ಹೋದಳು, ಅವಳ ಗ್ರೈಂಡರು ಮೊದಲಿಗಿಂತ ಚೆನ್ನಾಗಿ ತಿರುಗುತ್ತದಂತೆ. ಜಿಡ್ಡಿನ ಕೆಳಗಿನಿಂದ ಜೇನಿನ ಬಣ್ಣದ ಮೈ ಹೊರಬಂತು, ಅಂಚಿಗೆ ಹೋದಂತೆ ಕಪ್ಪಾಗುವ ಮೈ. ನಾನು ಒಪ್ಪಿಕೊಳ್ಳುತ್ತೇನೆ, ಚೆಲುವಾಗಿತ್ತು.

ದನಿ ಮಾತ್ರ ಸತ್ತಿತ್ತು. ತಂತಿಗಳ ಕೆಳಗೆ ಅವುಗಳ ನಡುಕ ಹಿಡಿಯುವ ಪುಟ್ಟ ಕಾಯಿಲು ಇರುತ್ತದೆ. ಅದು ಹರಿದು ಹೋಗಿತ್ತು. ಅದರ ತಾಮ್ರದ ಎಳೆ ಕೂದಲಿಗಿಂತ ತೆಳುವು. ಪಂಪ್‌ಸೆಟ್ಟಿನ ತಂತಿ ಸುತ್ತಿ ದಪ್ಪಗಾದ ಬೆರಳುಗಳಿಗೆ ಅದು ನಿಲ್ಲುವುದೇ? ಸುತ್ತಿದಷ್ಟೂ ಹರಿಯುತ್ತಿತ್ತು. ಹರಿದಾಗ ನಮ್ಮವರ ಬಾಯಿಂದ ಬರುವ ಮಾತಿಗೆ “ಹಿರಿಯರ ಮುಂದ ಬ್ಯಾಡ್ರಿ” ಎಂದು ಜೋಸೆಫನ ತಡೆ. ಹಾಗಾಗಿ ಎಳೆ ಹರಿದಾಗಲೆಲ್ಲ ಎದ್ದು ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ದಾಂಡೇಲಿ ಬಸ್ಸಿನ ಎದುರು ಮನಸಾರೆ ಬೈದು, ತಣ್ಣಗಾಗಿ ಬರುತ್ತಿದ್ದರು. ಆ ಬಸ್ಸಿನ ಡ್ರೈವರು ನಮ್ಮ ಮನೆಗೆ ಬಂದು ತಾನೇನು ತಪ್ಪು ಮಾಡಿದೆ ಎಂದು ಕೇಳಿ ಹೋದ.

ಅಂತೂ ಒಂದು ಕಾಯಿಲು ಪೂರ್ತಿಯಾಯಿತು. ವಾರ್ನಿಶ್ ಕುಡಿಸಿ, ಬಲ್ಬಿನ ಕೆಳಗೆ ಒಣಗಿಸಿ, ಕೂಸಿನ ಹಾಗೆ ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ಆಮೇಲೆ, ಇಪ್ಪತ್ತು ವರ್ಷದ ರೂಢಿ ನೋಡಿ, ಕೈ ತಾನಾಗಿ ಟೆಸ್ಟಿಂಗ್ ಬೋರ್ಡಿಗೆ ಹೋಯಿತು. ಸುತ್ತಿದ ಮೋಟರಿಗೆ ಕರೆಂಟು ಕೊಟ್ಟು ನೋಡದೆ ಯಾವ ವೈಂಡಿಂಗಿನವನು ಗಿರಾಕಿಗೆ ಕೊಡುತ್ತಾನೆ? ಸ್ವಿಚ್ ಒತ್ತಿದರು. ಟಪ್ ಎಂದಿತು. ಒಂದು ಎಳೆ ಹೊಗೆ ಎದ್ದು ಹಿರಿಯರ ಮುಖದ ಮುಂದೆ ಹಾದು ಹೋಯಿತು.

ಜೋಸೆಫ್ ಎದೆ ಬಡಿದುಕೊಂಡು ಸೋನುಬಾಯಿಗೆ ಫೋನ್ ಹಚ್ಚಿದ. “ಅತ್ತೀ, ಮಾವನ ಜೀವ ಹೋತು!”

“ಮದಲ ಹೋಗಿತ್ತೆಲ್ಲೋ. ಮತ್ತ ಹೆಂಗ ಹೋಗತೈತಿ?” ಎಂದು ಆ ಕಡೆಯಿಂದ ಕೇಳಿತು. “ಊಟ ಹಾಕಿದ್ಯೇನು?”

ನಮ್ಮವರು ಮತ್ತೊಂದು ಸುತ್ತಿದರು. ಈ ಸಲ ನಮ್ಮ ಮಾವನವರು ಟೆಸ್ಟಿಂಗ್ ಬೋರ್ಡಿನ ಫ್ಯೂಸು ಕಿತ್ತು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡು ಅದರ ಮೇಲೆ ಕೈಯಿಟ್ಟು ಕೂತಿದ್ದರು. ಬೆಳಗಾವಿಯಿಂದ ಹೊಸ ತಂತಿ ತರಿಸಿ ಕಟ್ಟಿದ್ದಾಯಿತು. ಹಿರಿಯರು ಮಾತಾಡಲು ತಯಾರಾದರು.

ಮರುದಿನ ನಾನು ಡಬ್ಬಿ ಕೊಡಲು ಅಂಗಡಿಗೆ ಹೋದಾಗ ಜೋಸೆಫ್ ಸಂತೆಗೆ ಹೋಗಿದ್ದ. ನಮ್ಮವರು ಒಬ್ಬರೇ ಗಿಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ತಲೆಯ ಮೇಲೆ ಹೂ ಇಡುತ್ತಿದ್ದರು.

“ಹಳಿಯಾಳ ಕರ್ನಾಟಕದಾಗ ಐತೇನು?” ಎಂದು ಕೇಳಿದರು. ಹೂ ಎಡಕ್ಕೆ ಬಿತ್ತು. ಇಲ್ಲ.

“ನನ್ನ ಹೆಂಡತಿ ಹೆಸರು ಸಹನಾ ಹೌದಲ್ಲೋ?” ಎಡಕ್ಕೆ. ಇಲ್ಲ.

“ಅದು ಒಂದು ಖರೆ ಹೇಳೇತಿ ಬಿಡ್ರಿ,” ಎಂದೆ ನಾನು.

ಬೆಚ್ಚಿಬಿದ್ದರು. ಆಮೇಲೆ ತೋರಿಸಿದರು. ತಂತಿ ಬಿಗಿಯುವ ಕಿವಿಗಳೆಲ್ಲ ಒಂದೇ ಪಕ್ಕಕ್ಕೆ ಇರುವ ಆ ತಲೆಯ ತುದಿ ಇನ್ನೊಂದು ಪಕ್ಕಕ್ಕೆ ಜಾರು. ಜಿಡ್ಡು ಹೋಗಿ ನುಣುಪಾದ ಮೇಲೆ ಏನಿ­ಟ್ಟರೂ ಎಡಕ್ಕೇ ಬೀಳುತ್ತಿತ್ತು. “ಆಯಿ ಕೇಳ್ತಾರ, ಲೋಕೇಶನ ಜೋಡಿ ಹೋಗ್ತಿಯೇನು ಅಂತ. ಇದು ಇಲ್ಲ ಅಂತೈತಿ. ಮುಗೀತಲ್ಲ ನಂದು?” ಮದುವೆಯಾದಂದಿನಿಂದ ನೋಡಿದ್ದೇನೆ, ಯಾವುದಕ್ಕೂ ಹಟ ಹಿಡಿದವರಲ್ಲ, ಇದೊಂದನ್ನು ಬಿಟ್ಟು.

ಅದಕ್ಕೇ ಸಾಗವಾನಿಯ ಒಂದು ಪುಟ್ಟ ಪೀಠ ಮಾಡಿದ್ದರು, ಕಾಣಿಕೆ ಎಂದು. ಪೀಠದ ಎಡಗಡೆ ಕೆಳಗೆ ಬೆರಳಗಲದ ಒಂದು ಬೆಣೆ. ಬೆಣೆ ಇಟ್ಟರೆ ಹಿರಿಯರು ಇಷ್ಟೇ ಇಷ್ಟು ವಾಲುತ್ತಿದ್ದರು, ಹೂ ಬಲಕ್ಕೇ ಬೀಳುತ್ತಿತ್ತು.

“ಸತ್ತವರ ಬಾಯಾಗ ಮಾತು ತುರಕಬ್ಯಾಡ್ರಿ,” ಎಂದೆ.

“ಅವರ ಬಾಯಿ ಎಡಕ್ಕ ಸೊಟ್ಟ ಐತಿ. ನಾ ನೀಟ್ ಮಾಡಾಕತ್ತೇನಿ.”

“ಎರಡೂ ಕಡೆ ಸಮಾ ಆಗೂಹಂಗ ಮಾಡ್ರಿ, ನ್ಯಾಯ ಆಗ್ತೈತಿ.”

“ಮಾಡಿ ನೋಡೇನಿ. ಸಮಾ ಇಟ್ರ ಬೀಳೂದ ಇಲ್ಲ.”

ನ್ಯಾಯವಾಗಿ ನಿಂತವರು ಮಾತಾಡುವುದೇ ಇಲ್ಲವೆಂದರೆ ಏನು ಮಾಡುವುದು?

ರವಿವಾರ ಹಿರಿಯರು ಊರಿಗೆ ಮರಳಿದರು. ಭಜನಾ ಮಂಡಳಿಯ ಆಂಪ್ಲಿಫೈಯರು, ಸ್ಪೀಕರ್ ಡಬ್ಬಿ ಎರಡನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ನಾವೂ ಹೋದೆವು. ಅಡಿಗೆಮನೆಯ ಮೂಲೆಗೆ ಸಾರಣೆ ಮಾಡಿ ರಂಗೋಲಿ ಹಾಕಿದ್ದರು. ಪೀಠ ಇಟ್ಟು, ಅದರ ಮೇಲೆ ಹೊಸ ಬಟ್ಟೆ ಹಾಸಿ, ಹಿರಿಯರನ್ನು ನಿಲ್ಲಿಸಿದರು. ಬಟ್ಟೆಯ ಅಂಚನ್ನು ನಮ್ಮವರು ಮತ್ತೆ ಮತ್ತೆ ಎಡಗಡೆಗೇ ಎಳೆಯುತ್ತಿದ್ದರು. ಸೋನುಬಾಯಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

“ಮದವಿ ದಿನಾನೂ ಇಷ್ಟ ಚಂದ ಇದ್ದಿಲ್ಲ,” ಎಂದಳು.

“ಮದಲ ಮಾತಾಡಿಸಿ ತೋರಿಸ್ತೇನಿ ಆಯಿ,” ಎಂದು ನಮ್ಮವರು ವೈರು ಸಿಕ್ಕಿಸಿದರು. ಸ್ಪೀಕರು ಒಮ್ಮೆ ಕೂಯ್ ಎಂದು ಕಿರುಚಿತು, ಹಿತ್ತಲಿನ ಕೋಳಿಗಳೆಲ್ಲ ಓಡಿದವು. ಆಮೇಲೆ ಒಂದೇ ಒಂದು ತಂತಿಯನ್ನು ಮೆಲ್ಲಗೆ ಮೀಟಿದರು.

ಆ ದನಿ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ದೊಡ್ಡದಾಗಿತ್ತು, ಆದರೆ ಗದ್ದಲ ಇರಲಿಲ್ಲ. ತುಂಬಿದ ಕೊಡದೊಳಗೆ ಯಾರೋ ಹೆಸರು ಹಿಡಿದು ಕರೆದ ಹಾಗೆ. ಒಲೆಯ ಪಕ್ಕದ ಪಾತ್ರೆಗಳು ಸಣ್ಣಗೆ ನಡುಗಿದವು. ನಮ್ಮವರು ಎರಡನೆಯ ತಂತಿ ಮೀಟಿದರು, ಮೂರನೆಯದು. ಜೋಸೆಫ್ ಶಿಲುಬೆಯ ಗುರುತು ಮಾಡಿಕೊಂಡ.

ಸೋನುಬಾಯಿ ನೆಲಕ್ಕೆ ಕೂತಳು. “ಇಷ್ಟ ದೊಡ್ಡ ದನಿ ಇತ್ತೇನು ಇವಂಗ?” ಎಂದಳು. “ನಾ ಅಂದಿದ್ದೆ, ನೀ ಯಾರ ಜೋಡಿ ಗುಸುಗುಸು ಮಾತಾಡ್ತಿ, ನನಗ ಯಾಕ ಕೇಳಿಸೂದಿಲ್ಲ, ಒಲ್ಯಾಗ ಹಾಕ್ತೇನಿ ಅದನ್ನ ಅಂತ. ಅಂವ ಎದ್ದು ಹೋಗಿ ಹುಣಸೀಗಿಡದ ಬುಡಕ ಕುಂತ. ಊಟಕ್ಕ ಕರದೆ, ಬರ್ಲಿಲ್ಲ. ಮುಂಜಾನೆ ನೋಡ್ತೇನಿ, ಅದನ್ನ ತಬ್ಕೊಂಡು ಮಲಗಿದಾಂವ ಏಳಲಿಲ್ಲ.”

ಡಯಾನಾ ಅಜ್ಜಿಯ ಬೆನ್ನು ಸವರಿದಳು. ಸೋನುಬಾಯಿ ಅವಳ ಕೈ ಸರಿಸಿ ಎದ್ದಳು, ದಾಸವಾಳವನ್ನು ನೀರಿನಲ್ಲಿ ಅದ್ದಿ ಹಿರಿಯರ ತಲೆಯ ಮೇಲೆ ಇಟ್ಟಳು. ನಮ್ಮವರು ಕೈಮುಗಿದು, ಕಣ್ಣು ಮುಚ್ಚಿ, ಅಳಿಯನಾಗಲು ನಿಂತವರ ಹಾಗೆ ನಿಂತಿದ್ದರು.

“ಮದಲ ನನ್ನ ಮಾತು,” ಎಂದಳು ಸೋನುಬಾಯಿ. “ಸೋಮಾ, ನನ್ನ ಮ್ಯಾಲ ಇನ್ನೂ ಸಿಟ್ಟೈತೇನು?”

ನಮ್ಮವರ ಕಣ್ಣು ತೆರೆಯಿತು. ಹೂ ಅಲುಗಿತು. ಸಾವಕಾಶವಾಗಿ, ಬೆಣೆ ಹೇಳಿಕೊಟ್ಟ ಹಾಗೆ, ಬಲಕ್ಕೆ ಜಾರತೊಡಗಿತು. ಹೌದು, ಸಿಟ್ಟಿದೆ. ಮುದುಕಿಯ ಮುಖ ನಾನು ನೋಡಿದೆ, ನೋಡಬಾರದಿತ್ತು.

ನಮ್ಮವರು ಹಾರಿದರು. ಆರ್ಕೆಸ್ಟ್ರಾ ಕಾಲದಲ್ಲೂ ಅಷ್ಟು ಎತ್ತರ ಹಾರಿರಲಿಕ್ಕಿಲ್ಲ. ರಂಗೋಲಿಯ ಮೇಲೆ ಹೊಟ್ಟೆಯಡಿಯಾಗಿ ಬಿದ್ದು, ನೆಲಕ್ಕೆ ಇನ್ನೂ ನಾಲ್ಕು ಬೆರಳು ಇರುವಾಗ ಹೂವನ್ನು ಅಂಗೈಯಲ್ಲಿ ಹಿಡಿದರು.

“ಕ್ಯಾಚ್!” ಎಂದಳು ಡಯಾನಾ, ಆಮೇಲೆ ಬಾಯಿ ಮುಚ್ಚಿಕೊಂಡಳು.

ಹೂ ಬಲಕ್ಕೆ ಬಿದ್ದರೆ ಏನು, ಎಡಕ್ಕೆ ಬಿದ್ದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ವೈಂಡಿಂಗ್ ಅಂಗಡಿಯವನ ಕೈಗೆ ಬಿದ್ದರೆ ಏನು ಎಂದು ಹಿಂದಿನವರು ಯಾರೂ ಹೇಳಿ ಹೋಗಿರಲಿಲ್ಲ. ಜೋಸೆಫನ ಮುಖ ಕೆಂಡವಾಗಿತ್ತು. ನಮ್ಮವರು ಬಿದ್ದಲ್ಲಿಂದಲೇ ಪೀಠದ ಬಟ್ಟೆ ಸರಿಸಿ ಬೆಣೆ ಎಳೆದು ತೆಗೆದರು.

“ಆಯಿ, ಹಿರಿಯರ ಮಾತಲ್ಲ ಅದು. ನನ್ನ ಮಾತು. ಹೂಂ ಅನ್ಲಿ ಅಂತ ನಾ ಇಟ್ಟಿದ್ದೆ. ನೀವು ಬ್ಯಾರೆ ಕೇಳಿದ್ರಿ.”

ಸೋನುಬಾಯಿ ಬೆಣೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೂವನ್ನು ಮತ್ತೆ ಅದ್ದಿ ಇಟ್ಟಳು. ಈ ಸಲ ದನಿ ಸಣ್ಣದಾಗಿತ್ತು. “ಸಿಟ್ಟೈತೇನು?”

ಹೂ ಎಡಕ್ಕೆ ಬಿತ್ತು.

ಸಿಟ್ಟಿಲ್ಲ. ಮುದುಕಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಮನೆ ಮಂದಿಯೆಲ್ಲ ಅತ್ತರು. ಬೈಯಲು ಬಾಯಿ ತೆರೆದಿದ್ದ ಜೋಸೆಫ್ ಕೂಡ ಅದೇ ಬಾಯಿಯಿಂದ ಅತ್ತ. ಆಮೇಲೆ ಅವಳು ಕಣ್ಣೊರೆಸಿಕೊಂಡು, ನ್ಯಾಯವಾಗಿ, ಕೊಟ್ಟ ಮಾತಿನ ಪ್ರಕಾರ, ಮತ್ತೊಂದು ಸಲ ಹೂ ಇಟ್ಟಳು. “ಈ ಹುಡುಗ ನಿನಗ ದನಿ ಕೊಟ್ಟಾನ. ಇವನ ಜೋಡಿ ಹೋಗ್ತಿಯೇನು?”

ಎಡಕ್ಕೆ.

ಎಲ್ಲರೂ ನಮ್ಮವರನ್ನು ನೋಡಿದರು. ಅವರ ಬಾಯಿ ತೆರೆದದ್ದು ನನಗೆ ಕಂಡಿತು. ಹಳಿಯಾಳ ಕರ್ನಾಟಕದಲ್ಲಿಲ್ಲ ಎಂದ ತಲೆ ಅದು. ‘ಆಯಿ, ಏನು ಕೇಳಿದರೂ ಅದು ಎಡಕ್ಕೇ ಬೀಳುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಮೊದಲಿನ ಎಡವೂ ಲೆಕ್ಕಕ್ಕಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿತು.

“ಆತು ಬಿಡ್ರಿ ಆಯಿ. ಹಿರಿಯರು ಹೇಳಿದ ಮ್ಯಾಲ ಮುಗೀತು.”

ನನಗೆ ಆ ಹೊತ್ತಿನಲ್ಲಿ ನಮ್ಮವರ ಮೇಲೆ ಬಂದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಮೈತುಂಬ ರಂಗೋಲಿ ಮೆತ್ತಿಕೊಂಡು ಆಂಪ್ಲಿಫೈಯರಿನ ವೈರು ಸುತ್ತುತ್ತಿದ್ದರು. ಒಂದು ಸಲವೂ ಮೂಲೆಯ ಕಡೆ ನೋಡಲಿಲ್ಲ.

ಟಂಟಂನವರೆಗೆ ಕಳಿಸಲು ಸೋನುಬಾಯಿ ಒಬ್ಬಳೇ ಬಂದಳು. ಸುತ್ತ ಯಾರೂ ಇಲ್ಲದ್ದು ನೋಡಿ ನಮ್ಮವರ ತೋಳು ಹಿಡಿದಳು.

“ಬದುಕಿದ್ದಾಗೂ ಅಂವ ಹಿಂಗ ಇದ್ದ ತಮ್ಮಾ. ಊಟಾ ಮಾಡ್ತಿಯೇನು? ಇಲ್ಲ. ಸಂತಿಗೆ ಬರ್ತಿಯೇನು? ಇಲ್ಲ. ಏನ್ ಕೇಳಿದ್ರೂ ಇಲ್ಲ. ಇಷ್ಟ ವರ್ಷದಾಗ ಅವನ ‘ಇಲ್ಲ’ ನನಗ ಬೇಕಾಗಿದ್ದು ಇವತ್ತ ಒಂದ ದಿನ. ನೀ ಬಾಯಿ ಮುಚ್ಕೊಂಡು ಅದನ್ನ ಉಳಿಸಿದಿ.”

ನಮ್ಮವರು ನನ್ನ ಕಡೆ ನೋಡಿದರು. ನಾನು ಮುದುಕಿಯ ಕಡೆ ನೋಡಿದೆ. ಅವಳು ಸೊಂಟ ತಟ್ಟಿಕೊಂಡಳು, ಬೆಣೆ ಇನ್ನೂ ಅಲ್ಲೇ ಇತ್ತು.

“ಇದು ನನ್ನ ಕಡೆ ಇರ್ಲಿ. ಬರೂ ಅಮಾಸಿಗೆ ಡಯಾನಾನ ಮದವಿ ಕೇಳೂದೈತಿ. ಹೂ ಬಲಕ್ಕ ಬೀಳತೈತಿ. ಮದವಿಗೆ ಇಬ್ಬರೂ ಬರ್ರಿ, ನೀ ಬಂದು ಬಾರಿಸು. ಆ ದೊಡ್ಡ ಡಬ್ಬಿ ಮರೀಬ್ಯಾಡ.”